ಮಳೆಗಾಲದಲ್ಲಿ ಬೈಕ್ ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿಯಿಂದ ಪ್ಲಗ್‌ವರೆಗೆ ಕರೆಂಟ್ ಹುಡುಕುವ ಕ್ರಮ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಗ್ಯಾರೇಜುಗಳ ಮುಂದೆ ತಳ್ಳಿಕೊಂಡು ಬಂದ ಬೈಕುಗಳು ಸಾಲು ನಿಲ್ಲುತ್ತವೆ. ಹೆಚ್ಚಿನವುಗಳ ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ಎಲ್ಲೋ ಒಂದು ಜಾಯಿಂಟಿಗೆ ನೀರು ಇಳಿದಿರುತ್ತದೆ, ಒಂದು ಬೋಲ್ಟ್ ತುಕ್ಕು ಹಿಡಿದಿರುತ್ತದೆ, ಒಂದು ಸ್ವಿಚ್ಚಿನೊಳಗೆ ಕೆಸರು ಕೂತಿರುತ್ತದೆ. ಆದರೆ ಮೊದಲು ಬೀಳುವ ತೀರ್ಪು ಒಂದೇ: "ಬ್ಯಾಟರಿ ಹೋಗಿದೆ, ಹೊಸದು ಹಾಕ್ಬೇಕು." ಹೊಸ ಬ್ಯಾಟರಿಯ ಜೋರಿನಲ್ಲಿ ಕೆಲವು ದಿನ ಗಾಡಿ ಓಡುತ್ತದೆ, ಆಮೇಲೆ ಮತ್ತೆ ಅದೇ ಕತೆ.

ಸಾಮಾನು ಬದಲಿಸಿ ಬದಲಿಸಿ ನೋಡುವುದು ದುಬಾರಿ ಊಹೆ ಅಷ್ಟೆ. ಬ್ಯಾಟರಿಯಿಂದ ಹೊರಟ ಕರೆಂಟ್ ಎಲ್ಲಿಯವರೆಗೆ ಸರಿಯಾಗಿ ಬಂದಿದೆ, ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಕೆಲಸ ಮುಕ್ಕಾಲು ಮುಗಿದಂತೆ. ಅದಕ್ಕೆ ಬೇಕಾದ ಸಾಮಾನೂ ಹೆಚ್ಚಿಲ್ಲ: ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಹಳೆಯದಾದರೂ ಕೆಲಸ ಮಾಡುವ ಒಂದು ಸ್ಪಾರ್ಕ್ ಪ್ಲಗ್, ಗಾಡಿಯ ಜೊತೆ ಬಂದ ಪ್ಲಗ್ ಸ್ಪ್ಯಾನರ್, 10 ಮಿ.ಮೀ. ಸ್ಪ್ಯಾನರ್, ಸ್ಕ್ರೂಡ್ರೈವರ್, ಸಣ್ಣ ಸ್ಯಾಂಡ್ ಪೇಪರ್, ಹಳೆಯ ಹಲ್ಲುಜ್ಜುವ ಬ್ರಷ್. ಟೆಸ್ಟ್ ಲ್ಯಾಂಪನ್ನು ಕೊಳ್ಳಬೇಕಾಗಿಲ್ಲ. ಇಂಡಿಕೇಟರ್ ಅಥವಾ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಒಂದೊಂದು ಮೀಟರಿನ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಸಿಕ್ಕಿಸಿದರೆ ಆಯಿತು.

ಮೀಟರ್ ಇರುವಾಗ ಬಲ್ಬ್ ಯಾಕೆ? ತುಕ್ಕು ಹಿಡಿದ ಜಾಯಿಂಟಿನ ಮೂಲಕವೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟಿನ ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಹಾಳಾದ ಜಾಯಿಂಟ್ ಅಷ್ಟನ್ನು ಕೊಡಲಾರದೆ ಬಲ್ಬ್ ಮಂಕಾಗುತ್ತದೆ. ಇದೇ ಕಾರಣಕ್ಕೆ ಸಿಡಿಐ (ಕಿಡಿಯನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಇಸಿಯು (ಇಂಜೆಕ್ಷನ್ ಗಾಡಿಯ ಕಂಪ್ಯೂಟರ್), ಸೆನ್ಸರುಗಳ ವೈರಿಗೆ ಮಾತ್ರ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ. ಅಷ್ಟು ಕರೆಂಟ್ ಅಲ್ಲಿ ಹರಿದರೆ ಒಳಗಿನ ಸಾಮಾನು ಸುಡಬಹುದು. ಅಲ್ಲಿಗೆ ಮೀಟರ್ರೇ ಸರಿ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೋ ಇಲ್ಲವೋ

ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುವುದೇ ಇಲ್ಲ ಎನ್ನುವುದು ಒಂದು ರೋಗ. ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ ಎನ್ನುವುದು ಬೇರೆಯೇ ರೋಗ. ಮೊದಲನೆಯದರಲ್ಲಿ ಪ್ಲಗ್ ಬಿಚ್ಚಿ ನೋಡಿ ಪ್ರಯೋಜನವಿಲ್ಲ, ಎರಡನೆಯದರಲ್ಲಿ ಸ್ಟಾರ್ಟರ್ ಮೋಟಾರಿನ ಸುದ್ದಿಗೆ ಹೋಗಬೇಕಾಗಿಲ್ಲ. ಎರಡನ್ನೂ ಕಲಸಿಕೊಂಡವರೇ ಅರ್ಧ ದಿನ ಕಳೆಯುವುದು.

ಅದಕ್ಕೂ ಮುಂಚೆ, ಕಿಲ್ ಸ್ವಿಚ್ ಇದ್ದರೆ ಅದನ್ನು ಒಮ್ಮೆ ನೋಡಿ. ಕಂಬಳಿಕೊಪ್ಪೆಯೋ ರೇನ್‌ಕೋಟೋ ತಾಗಿ ಅದು ಆಫ್ ಆಗಿರುವುದು ಅಪರೂಪವೇನಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಕಾಕ್ ತೆರೆದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಹೇಳಲು ನಾಚಿಕೆಯಾಗುವಷ್ಟು ಸಣ್ಣ ವಿಷಯ, ಆದರೂ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಇವೂ ಇರುತ್ತವೆ.

ಕೀ ಹಾಕಿ, ಕಿವಿ ಕೊಡಿ

ನ್ಯೂಟ್ರಲ್‌ಗೆ ಹಾಕಿ, ಕೀ ಆನ್ ಮಾಡಿ. ನ್ಯೂಟ್ರಲ್ ಲೈಟ್ ಹೊತ್ತಿತೇ, ಹಾರ್ನ್ ಗಟ್ಟಿಯಾಗಿ ಕೂಗಿತೇ ನೋಡಿ. 2017ರ ಏಪ್ರಿಲ್ ನಂತರದ ಗಾಡಿಗಳಿಗೆ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚಿಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಅದು ಎಂಜಿನ್ ಓಡಿದ ಮೇಲೆ ಮಾತ್ರ ಹೊತ್ತುತ್ತದೆ. ಹಾಗಾಗಿ ಹೆಡ್‌ಲೈಟ್ ನೋಡಿ ಬ್ಯಾಟರಿ ಅಳೆಯುವ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಬ್ರೇಕ್ ಲೈಟ್ ನೋಡಿ, ಅದು ಸಾಕು.

ಈಗ ಸೆಲ್ಫ್ ಒತ್ತಿ.

ಟಕಟಕಟಕ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಬಟನ್ನಿನ ಸಣ್ಣ ಕರೆಂಟಿಗೆ ಹಿಡಿದು ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚೇ ಸ್ಟಾರ್ಟರ್ ರಿಲೇ. ಆ ರಿಲೇ ಹಿಡಿಯುತ್ತದೆ, ಮೋಟಾರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ರಿಲೇ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಶಬ್ದ ಅದರದ್ದು.

ಒಂದೇ ಒಂದು ಸಲ 'ಟಕ್' ಎಂದು ಸುಮ್ಮನಾದರೆ ರಿಲೇಯವರೆಗಿನ ಸ್ವಿಚ್ಚುಗಳೆಲ್ಲ ಸರಿಯಿವೆ. ಸಂಶಯ ರಿಲೇಯ ಒಳಗಿನ ಕಾಂಟ್ಯಾಕ್ಟ್, ಮೋಟಾರಿನ ಕಾರ್ಬನ್ ಬ್ರಷ್, ಅಥವಾ ದಪ್ಪ ಕೇಬಲ್ಲಿನ ಜಾಯಿಂಟ್ ಮೇಲೆ.

ಲೈಟು ಹಾರ್ನು ಎಲ್ಲ ಚೆನ್ನಾಗಿದ್ದು ಸೆಲ್ಫ್‌ಗೆ ಯಾವ ಶಬ್ದವೂ ಇಲ್ಲವೆಂದರೆ ಕ್ಲಚ್, ನ್ಯೂಟ್ರಲ್, ಸೈಡ್ ಸ್ಟ್ಯಾಂಡ್, ಸೆಲ್ಫ್ ಬಟನ್ ಇವುಗಳಲ್ಲೊಂದು ಕೈಕೊಟ್ಟಿದೆ.

ಲೈಟೂ ಇಲ್ಲ, ಹಾರ್ನೂ ಇಲ್ಲ, ಪೂರ್ತಿ ಸತ್ತಂತಿದೆ ಎಂದರೆ ಮೇನ್ ಫ್ಯೂಸ್, ಬ್ಯಾಟರಿ ಟರ್ಮಿನಲ್, ಕೀ ಸ್ವಿಚ್, ಈ ಕ್ರಮದಲ್ಲಿ ನೋಡಿ.

ಮೋಟಾರ್ 'ಗಿರ್ರ್' ಎಂದು ಹಗುರಾಗಿ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಅದು ಕರೆಂಟಿನ ತೊಂದರೆಯಲ್ಲ. ಮೋಟಾರಿನ ತಿರುಗನ್ನು ಎಂಜಿನ್ನಿಗೆ ದಾಟಿಸುವ ಒನ್‌ವೇ ಕ್ಲಚ್ ಸವೆದಿದೆ. ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಬ್ಯಾಟರಿಯನ್ನು ಅಳೆಯುವುದು

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಮುಳ್ಳನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ಗಾಡಿ ನಿಂತು ಒಂದೆರಡು ಗಂಟೆಯಾದರೂ ಆಗಿರಬೇಕು, ಇಲ್ಲವಾದರೆ ಓಡಿದ ಕೂಡಲೇ ಉಳಿದಿರುವ ಮೇಲ್ಮೈ ಚಾರ್ಜ್ ಅಂಕಿ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. 12.6ರಿಂದ 12.8 ಇದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12.0ಕ್ಕೆ ಇಳಿದರೆ ಕಾಲುಭಾಗವೂ ಕಷ್ಟ. 12 ಎಂದು ಕಂಡ ಕೂಡಲೇ "ಬ್ಯಾಟರಿ ಸರಿಯಿದೆ, 12 ಇದೆಯಲ್ಲ" ಎನ್ನುವವರು ಬಹಳ. ಹೆಸರಿಗೆ 12 ವೋಲ್ಟಿನ ಬ್ಯಾಟರಿ 12ರಲ್ಲಿದ್ದರೆ ಅದು ಹಸಿದ ಬ್ಯಾಟರಿ.

ಮುಳ್ಳುಗಳನ್ನು ಹಾಗೇ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಎಂಜಿನ್ ತಿರುಗುವಾಗ 10 ವೋಲ್ಟಿನ ಆಸುಪಾಸು ನಿಂತರೆ ಒಳ್ಳೆಯದು. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಅಥವಾ ಮೋಟಾರ್ ಅತಿಯಾಗಿ ಎಳೆಯುತ್ತಿದೆ. ನಿಂತಾಗ 12.7, ಒತ್ತಿದಾಗ 6 ಎಂದು ತೋರಿಸುವ ಬ್ಯಾಟರಿ ಒಳಗೆ ಹಾಳಾಗಿದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಆದರೂ ಒಮ್ಮೆ ಪೂರ್ತಿ ಚಾರ್ಜ್ ಮಾಡಿ ಮತ್ತೆ ಅಳೆದ ಮೇಲೇ ದುಡ್ಡು ಬಿಚ್ಚಿ. ಸೆಲ್ಫ್ ಒತ್ತಿದರೂ ವೋಲ್ಟೇಜ್ ಚೂರೂ ಕದಲದೆ 12.6ರಲ್ಲೇ ನಿಂತರೆ ಬ್ಯಾಟರಿಯಿಂದ ಕರೆಂಟೇ ಹೊರಟಿಲ್ಲ, ದಾರಿ ಎಲ್ಲೋ ಕಡಿದಿದೆ. ಇದನ್ನು ಗಮನಿಸದೆ ಬ್ಯಾಟರಿ ಬದಲಿಸುವುದೇ ಶುರುವಿನಲ್ಲಿ ಹೇಳಿದ ದಂಡದ ಖರ್ಚು.

ಚಾರ್ಜ್ ಮಾಡುವುದು ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದಲ್ಲಿ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್, ಹತ್ತು ಹನ್ನೆರಡು ಗಂಟೆ. ಪುಷ್ಯ ಮಳೆಯಲ್ಲಿ ಅಷ್ಟು ಹೊತ್ತು ಒಂದೇ ಸಮ ಕರೆಂಟ್ ಇರುವ ಊರು ನಿಮ್ಮದಾದರೆ ಪುಣ್ಯವಂತರು. ಬಿಟ್ಟುಬಿಟ್ಟು ಮಾಡಿದರೂ ಒಟ್ಟು ಗಂಟೆ ಲೆಕ್ಕಕ್ಕೆ ಬಂದರೆ ನಡೆಯುತ್ತದೆ. ಕಾರಿನ ದೊಡ್ಡ ಚಾರ್ಜರ್‌ನಲ್ಲಿ 5 ಆಂಪಿಯರ್ ಬಿಟ್ಟರೆ ಸಣ್ಣ ಬ್ಯಾಟರಿ ಉಬ್ಬಿಹೋಗುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಮೇಲಿನ ಗೆರೆಯವರೆಗೆ ಡಿಸ್ಟಿಲ್ಡ್ ನೀರು ಮಾತ್ರ, ಬಾವಿಯದಲ್ಲ, ಅಂಗಳದಲ್ಲಿ ಹಿಡಿದ ಮಳೆನೀರೂ ಅಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಬಚ್ಚಲ ಒಲೆಯ ಹತ್ತಿರ ಇಡಬೇಡಿ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಈ ಕ್ರಮ ತಪ್ಪಿದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಚಾಸಿಗೆ ತಾಗಿ ಶಾರ್ಟ್ ಆಗುತ್ತದೆ.

ಜಾಯಿಂಟ್‌ಗಳು, ಮಲೆನಾಡಿನ ಅಸಲಿ ರೋಗ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಕಡಿಮೆಯೇನಿಲ್ಲ. ಮಳೆ ನಿಂತ ದಿನವೂ ಗಾಳಿಯಲ್ಲಿ ತೇವ ಹೋಗುವುದಿಲ್ಲ. ಆ ತೇವ ತಾಮ್ರದ ತಂತಿಯ ತುದಿಯನ್ನು ಹಸಿರು ಮಾಡುತ್ತದೆ, ಸೀಸದ ಟರ್ಮಿನಲ್ ಮೇಲೆ ಬಿಳಿ ಹಿಟ್ಟು ಹಿಡಿಸುತ್ತದೆ, ಚಾಸಿಗೆ ಕಟ್ಟಿದ ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಕಟ್ಟಿಸುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲವನ್ನೋ ಬೋರ್ಡೋ ದ್ರಾವಣದ ಕ್ಯಾನನ್ನೋ ಗಾಡಿ ಮೇಲೆ ಹೇರಿಕೊಂಡು ಹೋಗುವವರಿಗೆ ಇನ್ನೊಂದು ಕಾಟ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಸೀಟಿನ ಕೆಳಗೆ ಇಳಿದರೆ ಬೋಲ್ಟುಗಳು ಒಂದೇ ಮಳೆಗಾಲಕ್ಕೆ ಗುರುತು ಸಿಗದಂತಾಗುತ್ತವೆ. ಅಂಥ ದಿನ ಸಂಜೆ ಗಾಡಿಗೆ ಒಂದು ಬಕೆಟ್ ಸಾದಾ ನೀರು ಸುರಿಯುವುದು ಒಳ್ಳೆಯದು.

ಹಾಳಾದ ಜಾಯಿಂಟ್ ಕಣ್ಣಿಗೆ ಕಾಣುವಂತೆಯೇ ಇರಬೇಕೆಂದಿಲ್ಲ. ಅರ್ಧ ಕಟ್ಟಿದ ಸ್ಪ್ರಿಂಕ್ಲರ್ ಪೈಪಿನಿಂದ ಹನಿ ನೀರು ಬರುತ್ತದೆ, ಜೆಟ್ ಮಾತ್ರ ತಿರುಗುವುದಿಲ್ಲ. ಹಾಗೆಯೇ ತುಕ್ಕಿನ ಜಾಯಿಂಟಿನಲ್ಲಿ ಹಾರ್ನ್ ಕೂಗುತ್ತದೆ, ಸ್ಟಾರ್ಟರ್ ತಿರುಗುವುದಿಲ್ಲ. ಅದನ್ನು ಹಿಡಿಯಲು ಒಂದು ಪರೀಕ್ಷೆ ಇದೆ. ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ, ಆದರೆ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ.

ಮೀಟರ್ ಡಿಸಿ 20ರಲ್ಲೇ ಇರಲಿ. ಕೆಂಪು ಮುಳ್ಳನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೇ ಒತ್ತಿ, ಕೇಬಲ್ಲಿನ ಕಿವಿಗಲ್ಲ (ಬೋಲ್ಟ್ ಕೂರುವ ತೂತಿರುವ ಲೋಹದ ತುದಿಗಲ್ಲ). ಕಪ್ಪನ್ನು ಸ್ಟಾರ್ಟರ್ ಮೋಟಾರಿಗೆ ಕೇಬಲ್ ಸೇರುವ ಬೋಲ್ಟಿಗೆ ಹಿಡಿಯಿರಿ. ಸೆಲ್ಫ್ ಒತ್ತುವ ಮುಂಚೆ 12ರ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ, ರಿಲೇ ತೆರೆದಿರುವುದರಿಂದ ಹಾಗೆ. ಒತ್ತಿದ ಕೂಡಲೇ ಅದು 0.5 ವೋಲ್ಟಿನ ಒಳಗೆ ಬೀಳಬೇಕು. ಒಂದು, ಒಂದೂವರೆ, ಎರಡು ಎಂದು ನಿಂತರೆ ಅಷ್ಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಆಗ ದಾರಿಯನ್ನು ತುಂಡು ಮಾಡಿ ಅಳೆಯಿರಿ: ಪ್ಲಸ್ ಕಂಬದಿಂದ ಕೇಬಲ್ ಕಿವಿಗೆ, ರಿಲೇಯ ಒಂದು ದಪ್ಪ ಬೋಲ್ಟಿನಿಂದ ಇನ್ನೊಂದಕ್ಕೆ, ರಿಲೇಯಿಂದ ಮೋಟಾರಿಗೆ. ಕಂಬ ಮತ್ತು ಕಿವಿಯ ನಡುವೆ 0.1 ದಾಟಬಾರದು, ರಿಲೇಯ ನಡುವೆ 0.3 ದಾಟಬಾರದು. 'ಟಕ್' ಎಂದ ಮೇಲೂ ರಿಲೇಯ ಎರಡು ಬೋಲ್ಟುಗಳ ನಡುವೆ 12 ವೋಲ್ಟ್ ಹಾಗೇ ಇದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ರಿಲೇ ಬದಲಿಸಿ.

ಇನ್ನು ಅರ್ಥ್ ಕಡೆ. ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ, ಹೋದ ಕರೆಂಟ್ ವಾಪಸ್ ಬರಲೂ ದಾರಿ ಬೇಕೆಂಬುದು ಮರೆತಿರುತ್ತದೆ. ಕೆಂಪು ಮುಳ್ಳನ್ನು ಎಂಜಿನ್ ಕೇಸಿನ ಬಣ್ಣವಿಲ್ಲದ ಲೋಹಕ್ಕೆ, ಕಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿದು ಸೆಲ್ಫ್ ಒತ್ತಿ. 0.3 ದಾಟಿದರೆ ಬ್ಯಾಟರಿಯ ಮೈನಸ್ ಕೇಬಲ್ ಎಂಜಿನ್ನಿಗೋ ಚಾಸಿಗೋ ಕಟ್ಟಿರುವ ಬೋಲ್ಟ್ ಹುಡುಕಿ. ಬಿಚ್ಚಿ, ಕೇಬಲ್ ಕಿವಿಯನ್ನೂ ಅದು ಕೂರುವ ಜಾಗವನ್ನೂ ಸ್ಯಾಂಡ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ. ವ್ಯಾಸಲೀನ್ ಕಟ್ಟಿದ ಮೇಲೆ, ಮುಂಚೆ ಅಲ್ಲ. ಚಾಸಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಸ್ಟಾರ್ಟಿಂಗ್ ತೊಂದರೆ ಶುರುವಾಗಿದ್ದರೆ ನೇರ ಇಲ್ಲಿಗೇ ಬನ್ನಿ, ಬೋಲ್ಟಿನ ಕೆಳಗೂ ಬಣ್ಣ ಕೂತಿರುತ್ತದೆ.

ಟರ್ಮಿನಲ್ ಮೇಲಿನ ಬಿಳಿ ಹಿಟ್ಟಿಗೆ ಬಿಸಿನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಬ್ರಷ್‌ನಿಂದ ಉಜ್ಜಿದರೆ ನೊರೆಯೆದ್ದು ಹೋಗುತ್ತದೆ. ಬ್ಯಾಟರಿ ಮುಚ್ಚಳದ ಒಳಗೆ ಆ ನೀರು ಇಳಿಯಕೂಡದು, ಒಳಗಿನ ಆಸಿಡ್ ಕೆಡುತ್ತದೆ.

ಮೋಟಾರ್ ಬೋಲ್ಟಿನವರೆಗೆ ಪೂರ್ತಿ ವೋಲ್ಟೇಜ್ ಬಂದು, ಅರ್ಥೂ ಸರಿಯಿದ್ದು, ಮೋಟಾರ್ ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಮೋಟಾರಿನೊಳಗೆ ನೀರು ಹೋಗಿ ತುಕ್ಕು ಹಿಡಿದಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿತು ಅಂದರೆ ಬ್ರಷ್ಷೇ. ಬ್ರಷ್ ಸೆಟ್ ಬೇರೆಯಾಗಿ ಸಿಗುವ ಮಾಡೆಲ್‌ಗೆ ಪೂರ್ತಿ ಮೋಟಾರ್ ಬದಲಿಸಬೇಕಾಗಿಲ್ಲ.

ಯಾವ ಶಬ್ದವೂ ಇಲ್ಲದಾಗ

ಮೊದಲು ಫ್ಯೂಸ್. ಬ್ಯಾಟರಿಯ ಪಕ್ಕದ ಸಣ್ಣ ಪೆಟ್ಟಿಗೆಯಲ್ಲಿ ಅಥವಾ ಸ್ಟಾರ್ಟರ್ ರಿಲೇಯ ತಲೆಯ ಮೇಲೆ ಇರುತ್ತದೆ, ಗಾಡಿಗೆ ತಕ್ಕಂತೆ 10ರಿಂದ 20 ಆಂಪಿಯರ್. ಕಣ್ಣಿಗೆ ಸರಿ ಕಂಡರೂ, ದಾರಿ ಕಡಿಯದಿದ್ದರೆ ಸದ್ದು ಮಾಡುವ ಮೀಟರಿನ ಬೀಪ್‌ನಲ್ಲಿ ಇಟ್ಟು ನೋಡಿ, ಫ್ಯೂಸಿನ ಕಾಲುಗಳಿಗೆ ಹಸಿರು ಕಟ್ಟಿದ್ದರೆ ಉಜ್ಜಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ಕೂಡಲೇ ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ತಂತಿ ಸುತ್ತಿ ಊರಿಗೆ ಮುಟ್ಟುವ ಉಪಾಯ ಬೇಡ. ಫ್ಯೂಸ್ ಸುಡಬೇಕಾದ ಜಾಗದಲ್ಲಿ ಪೂರ್ತಿ ವೈರಿಂಗ್ ಸುಡುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ.

ಆಮೇಲೆ ಸ್ವಿಚ್ಚುಗಳು. ಕ್ಲಚ್ ಪೂರ್ತಿ ಎಳೆದು ಒತ್ತಿ ನೋಡಿ, ನ್ಯೂಟ್ರಲ್‌ನಲ್ಲಿ ಒತ್ತಿ ನೋಡಿ. ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಹಿಡಿಯದಿದ್ದರೆ ಕಳ್ಳ ಅಲ್ಲೇ ಸಿಕ್ಕಿದ. ಕ್ಲಚ್ ಸ್ವಿಚ್ ಲಿವರಿನ ಬುಡದಲ್ಲಿರುವ ಸಣ್ಣ ಗುಂಡಿ, ಮಳೆಯಲ್ಲಿ ಒಳಗೇ ಅಂಟಿಕೊಳ್ಳುತ್ತದೆ. ಡಬ್ಲ್ಯೂಡಿ-40 ಒಂದೆರಡು ಸಲ ಬಿಟ್ಟು ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟರೆ ಸಡಿಲಾಗುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ ಇರುವ ಗಾಡಿಗಳಲ್ಲಿ ಸ್ಟ್ಯಾಂಡಿನ ಬುಡದ ಕೆಂಪು ಕೆಸರನ್ನು ತೊಳೆಯುವುದೇ ಎಷ್ಟೋ ಸಲ ಪರಿಹಾರ. ಇಂಥ ಸ್ವಿಚ್ಚುಗಳ ವೈರ್ ಎರಡನ್ನೂ ಜೋಡಿಸಿ ನೋಡುವುದು ಪತ್ತೆಗೆ ಸರಿ, ಹಾಗೇ ಬಿಟ್ಟು ಓಡಿಸುವುದು ತಪ್ಪು. ಸ್ಟ್ಯಾಂಡ್ ಇಳಿದಿದ್ದರೂ ಗಾಡಿ ಹೊರಟು ಘಾಟಿಯ ಎಡ ತಿರುವಿನಲ್ಲಿ ನೆಲಕ್ಕೆ ತಾಗಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಸರಿಯಿದ್ದರೆ ರಿಲೇಗೆ ಬರುವ ಎರಡು ಸಣ್ಣ ವೈರುಗಳ ಸಾಕೆಟ್ ಕಳಚಿ, ಆ ಎರಡು ತುದಿಗಳ ನಡುವೆ ಟೆಸ್ಟ್ ಲ್ಯಾಂಪ್ ಇಟ್ಟು ಸೆಲ್ಫ್ ಒತ್ತಿ. ಬಲ್ಬ್ ಪ್ರಕಾಶವಾಗಿ ಹೊತ್ತಿದರೆ ರಿಲೇಯ ಕಾಯಿಲ್ ಸತ್ತಿದೆ. ಹೊತ್ತದಿದ್ದರೆ ಯಾವ ಬದಿ ಇಲ್ಲ ನೋಡಿ: ಲ್ಯಾಂಪಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ ಕಟ್ಟಿ ಎರಡೂ ವೈರಿಗೆ ತಾಗಿಸಿ, ಆಮೇಲೆ ಪ್ಲಸ್‌ಗೆ ಕಟ್ಟಿ ತಾಗಿಸಿ, ಎರಡೂ ಸಲ ಸೆಲ್ಫ್ ಒತ್ತಿಕೊಂಡೇ. ಕೆಲವು ಗಾಡಿಗಳಲ್ಲಿ ಬಟನ್ ಪ್ಲಸ್ ಕೊಡುತ್ತದೆ, ಕ್ಲಚ್–ನ್ಯೂಟ್ರಲ್ ಕಡೆಯಿಂದ ಅರ್ಥ್ ಬರುತ್ತದೆ. ಇನ್ನು ಕೆಲವಲ್ಲಿ ಉಲ್ಟಾ. ಯಾವುದು ಕಾಣೆಯಾಗಿದೆಯೋ ಆ ವೈರನ್ನು ಹಿಂಬಾಲಿಸಿ. ಹ್ಯಾಂಡಲ್ ಕುತ್ತಿಗೆಯ ಹತ್ತಿರ ವೈರಿಂಗ್ ದಿನವೂ ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸುವಾಗ ಲ್ಯಾಂಪ್ ಮಿಣುಕಿದರೆ ಅಲ್ಲೇ ಬಿಚ್ಚಿ ನೋಡಿ.

ತಿರುಗುತ್ತದೆ, ಹೊತ್ತುವುದಿಲ್ಲ: ಸ್ಪಾರ್ಕ್ ಹುಡುಕುವುದು

ಪ್ಲಗ್ ಕ್ಯಾಪ್ ಎಳೆಯುವ ಮುಂಚೆ ಪ್ಲಗ್ ಕೂತ ಗುಂಡಿ ನೋಡಿ. ಅಲ್ಲಿ ನೀರು ನಿಂತಿದ್ದರೆ ರೋಗ ಅದೇ. ಎಷ್ಟೋ ಎಂಜಿನ್‌ಗಳಲ್ಲಿ ಆ ನೀರು ಹೊರಹೋಗಲು ಸಣ್ಣ ತೂತಿರುತ್ತದೆ, ಕೆಸರು ಕಟ್ಟಿ ಮುಚ್ಚಿಹೋಗಿರುತ್ತದೆ. ಸೈಕಲ್ ಕಡ್ಡಿಯಿಂದ ಬಿಡಿಸಿ, ಗುಂಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಪ್ಲಗ್ ಬಿಚ್ಚುವುದಿದ್ದರೆ ಅದಾದ ಮೇಲೇ. ಇಲ್ಲದಿದ್ದರೆ ಕೆಸರು ನೇರ ಸಿಲಿಂಡರಿಗೆ ಬೀಳುತ್ತದೆ. ಜೋರು ನೀರಿನಲ್ಲಿ ವಾಟರ್ ಸರ್ವಿಸ್ ಮಾಡಿಸಿದ ದಿನವೇ ಗಾಡಿ ನಿಲ್ಲುವುದಕ್ಕೂ ಇದೇ ಕಾರಣ.

ಎಂಜಿನ್ನಿನಲ್ಲಿರುವ ಪ್ಲಗ್ ಹಾಗೇ ಇರಲಿ. ಕ್ಯಾಪಿಗೆ ನಿಮ್ಮ ಬಳಿಯ ಇನ್ನೊಂದು ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ ಹಿಡಿದು ಕಿಕ್ ಹೊಡೆಯಿರಿ ಅಥವಾ ಸೆಲ್ಫ್ ಒತ್ತಿ. ಹೀಗೆ ಮಾಡಿದರೆ ಸಿಲಿಂಡರಿನ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗುವ ಭಯವಿಲ್ಲ. ಪ್ಲಗ್ ಅರ್ಥ್ ಆಗದೆ ಗಾಳಿಯಲ್ಲಿ ತೂಗುವಂತೆ ಬಿಟ್ಟು ತಿರುಗಿಸಬೇಡಿ, ಹೋಗಲು ದಾರಿಯಿಲ್ಲದ ಹೈ ವೋಲ್ಟೇಜ್ ಸಿಡಿಐ ಮತ್ತು ಅದನ್ನು ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ತಿರುಗುತ್ತದೆ. ನೀಲಿ ಕಿಡಿ 'ಚಟ್' ಎಂದು ಬಂದರೆ ಕಾಯಿಲ್‌ವರೆಗೆ ಎಲ್ಲ ಸರಿ, ಹಳೆಯ ಪ್ಲಗ್ ನೋಡಿ. ಕೆಂಪು ಹಳದಿ ಬಡಕಲು ಕಿಡಿ ಅಂದರೆ ಕ್ಯಾಪ್, ಕಾಯಿಲ್ ಅಥವಾ ವೋಲ್ಟೇಜ್ ಬಲಹೀನ. ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ಹೋಗಿ.

ಪ್ಲಗ್ ಕ್ಯಾಪನ್ನು ವೈರಿನಿಂದ ಎಡಕ್ಕೆ ತಿರುಗಿಸಿ ಬಿಚ್ಚಬಹುದು. ವೈರಿನ ತುದಿ ಹಸಿರಾಗಿದ್ದರೆ 5 ಮಿ.ಮೀ. ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ಕ್ಯಾಪಿನೊಳಗೆ ಸಾಮಾನ್ಯವಾಗಿ 5,000 ಓಮ್ ರೆಸಿಸ್ಟರ್ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕ್ಯಾಪ್ ಹೋಗಿದೆ. ಕತ್ತಲೆಯಲ್ಲಿ ಸೆಲ್ಫ್ ಒತ್ತಿ ನೋಡಿದರೆ ಸೀಳಿದ ಕ್ಯಾಪ್ ಅಥವಾ ವೈರಿನಿಂದ ಎಂಜಿನ್ ಮೈಗೆ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ, ಈ ಪರೀಕ್ಷೆಗೆ ಕಾಸೂ ಖರ್ಚಿಲ್ಲ.

ಕಾಯಿಲ್‌ನ ಪ್ರೈಮರಿ (ಕರೆಂಟ್ ಒಳಬರುವ) ಕಡೆ 5 ಓಮ್‌ಗಿಂತ ಕಡಿಮೆ, ಸೆಕೆಂಡರಿ (ಪ್ಲಗ್ ವೈರಿನ) ಕಡೆ ಕೆಲವು ಸಾವಿರ ಓಮ್ ಬರಬೇಕು. ನಿಖರ ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ತಣ್ಣಗಿರುವಾಗ ಸರಿಯಿದ್ದು, ಅರ್ಧ ಗಂಟೆ ಓಡಿದ ಮೇಲೆ ಸತ್ತು, ಆರಿದ ಮೇಲೆ ಮತ್ತೆ ಹೊತ್ತುವ ಗಾಡಿಯಲ್ಲಿ ಕಾಯಿಲ್ ಅಥವಾ ಪಿಕಪ್ ಕಾಯಿಲ್ (ಕಿಡಿಯ ಸಮಯವನ್ನು ಸಿಡಿಐಗೆ ತಿಳಿಸುವ ಸಣ್ಣ ಕಾಯಿಲ್) ಮೇಲೆ ಸಂಶಯಪಡಿ, ಬಿಸಿಯಿರುವಾಗಲೇ ಅಳೆಯಿರಿ.

ಸಿಡಿಐ ಎರಡು ಜಾತಿ, ಇದು ಗೊತ್ತಿಲ್ಲದೆ ವೈರ್ ಮುಟ್ಟಬೇಡಿ. ಹಳೆಯ ಸ್ಪ್ಲೆಂಡರ್‌ನಂಥವುಗಳಲ್ಲಿ ಎಸಿ ಸಿಡಿಐ. ಅದಕ್ಕೆ ಕರೆಂಟ್ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದಲೇ ಬರುತ್ತದೆ, ಬ್ಯಾಟರಿ ಪೂರ್ತಿ ಸತ್ತಿದ್ದರೂ ಕಿಕ್‌ಗೆ ಹೊತ್ತುತ್ತದೆ. ಅದರಲ್ಲಿ ಕೀ ಆಫ್ ಮಾಡಿದಾಗ ಕಪ್ಪು-ಬಿಳಿ ವೈರ್ ಅರ್ಥ್ ಆಗಿ ಕಿಡಿ ನಿಲ್ಲುತ್ತದೆ. ಕೀ ಸ್ವಿಚ್ಚಿಗೆ ನೀರು ಇಳಿದರೆ ಕೀ ಆನ್ ಇದ್ದರೂ ಆ ವೈರ್ ಅರ್ಥ್ ಆಗಿಯೇ ಇರುತ್ತದೆ. ಸಿಡಿಐ ಹತ್ತಿರ ಅದನ್ನು ಕಳಚಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ಸಿಡಿಐ ಸರಿ, ಕೀ ಸ್ವಿಚ್ ಒಣಗಿಸಿ. ಕಳಚಿಟ್ಟಾಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲ, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಡಿಸಿ ಸಿಡಿಐ ಬ್ಯಾಟರಿಯ ಕರೆಂಟಿನಲ್ಲಿ ನಡೆಯುತ್ತದೆ, ಅಲ್ಲಿ ಅದೇ ಬಣ್ಣದ ವೈರ್ ಪ್ಲಸ್ ಆಗಿರಬಹುದು. ಅದನ್ನು ಕಳಚಿದರೆ ಇರುವ ಕಿಡಿಯೂ ಹೋಗುತ್ತದೆ. ಅಲ್ಲಿ ಕೀ ಆನ್ ಮಾಡಿ ಮೀಟರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಬರುತ್ತಿದೆಯೇ ನೋಡಿ. ಹೀರೋ, ಹೋಂಡಾ ಗಾಡಿಗಳಲ್ಲಿ ಹಸಿರು ವೈರ್ ಅರ್ಥ್, ಅದನ್ನು ಬ್ಯಾಟರಿ ಮೈನಸ್ ಜೊತೆ ಬೀಪ್‌ನಲ್ಲಿ ಪರೀಕ್ಷಿಸಿ. ಪ್ಲಸ್, ಅರ್ಥ್, ಪಿಕಪ್ ಕಾಯಿಲ್ ಮೂರೂ ಸರಿಯಿದ್ದು ಕಿಡಿ ಇಲ್ಲವೆಂದ ಮೇಲೆ ಮಾತ್ರ ಸಿಡಿಐ ಕೊಳ್ಳಿ, ಅದೂ ಸಾಧ್ಯವಾದರೆ ಅದೇ ಮಾಡೆಲ್‌ನ ಬೇರೆ ಗಾಡಿಯದನ್ನು ಹಾಕಿ ನೋಡಿ.

ಇಂಜೆಕ್ಷನ್ ಗಾಡಿಗಳು

2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳು ಫ್ಯೂಯಲ್ ಇಂಜೆಕ್ಷನ್. ಕೀ ಹಾಕಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ 'ಜುಂಯ್' ಎಂದು ಪಂಪ್ ಕೇಳಿಸಬೇಕು, ಎಂಜಿನ್ ಚೆಕ್ ಲೈಟ್ ಹೊತ್ತಬೇಕು. ಎರಡೂ ಇಲ್ಲದಿದ್ದರೆ ಇಸಿಯುಗೆ ಕರೆಂಟೇ ಹೋಗುತ್ತಿಲ್ಲ, ಫ್ಯೂಸ್, ರಿಲೇ, ಕಿಲ್ ಸ್ವಿಚ್ ನೋಡಿ. ಪಾಚಿ ಕಟ್ಟಿದ ಅಂಗಳದಲ್ಲಿ ಗಾಡಿ ಜಾರಿ ಬಿದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಏನಾದರೂ ಕೆಟ್ಟಿರಲೇಬೇಕೆಂದಿಲ್ಲ. ಮಗುಚಿದ್ದನ್ನು ತಿಳಿದ ಸೆನ್ಸರ್ ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸಿರುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ, ಕೆಲವು ಸೆಕೆಂಡ್ ಬಿಟ್ಟು ಆನ್ ಮಾಡಿ.

ಬ್ಯಾಟರಿ ಇಳಿದಾಗ ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವುದು ನಮ್ಮ ಕಡೆಯ ಹಳೆಯ ವಿದ್ಯೆ. ಒದ್ದೆ ಮಣ್ಣಿನಲ್ಲಿ ಎರಡನೇ ಗೇರಿಗೆ ಚಕ್ರ ಜಾರಿದರೆ ಮೂರನೆಯದು ಹಾಕಿ. ಇಂಜೆಕ್ಷನ್ ಗಾಡಿಯಲ್ಲಿ ನ್ಯೂಟ್ರಲ್ ಲೈಟೂ ಹೊತ್ತದಷ್ಟು ಬ್ಯಾಟರಿ ಸತ್ತಿದ್ದರೆ ಈ ವಿದ್ಯೆ ನಡೆಯುವುದಿಲ್ಲ, ಪಂಪಿಗೂ ಇಸಿಯುಗೂ ಕರೆಂಟ್ ಬೇಕು. ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಡುವುದಾದರೆ ಕಾರಿನ ಎಂಜಿನ್ ಬಂದ್ ಇರಲಿ. ಪ್ಲಸ್‌ಗೆ ಪ್ಲಸ್, ಕಾರಿನ ಮೈನಸ್ಸನ್ನು ಕೊನೆಗೆ ಬೈಕಿನ ಎಂಜಿನ್ ಲೋಹಕ್ಕೆ. ಸೆಲ್ಫ್ ಒಂದು ಸಲಕ್ಕೆ 5 ಸೆಕೆಂಡ್ ಮೀರದಿರಲಿ.

ಸ್ಟಾರ್ಟ್ ಆಯಿತು, ನಾಳೆ ಮತ್ತೆ ಆಗುತ್ತದೆಯೇ

ಎಂಜಿನ್ ಓಡುವಾಗ ಅರ್ಧ ಆಕ್ಸಿಲರೇಟರ್‌ನಲ್ಲಿ ಬ್ಯಾಟರಿ ಮೇಲೆ 13.5ರಿಂದ 14.8 ವೋಲ್ಟ್ ಬರಬೇಕು. 13ನ್ನೂ ದಾಟದಿದ್ದರೆ ಸ್ಟೇಟರ್ (ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಸುರುಳಿ) ಅಥವಾ ರೆಗ್ಯುಲೇಟರ್-ರೆಕ್ಟಿಫೈಯರ್ (ಅದನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ಪೆಟ್ಟಿಗೆ) ಕಡೆ ತೊಂದರೆ. ಅವೆರಡರ ನಡುವಿನ ಕನೆಕ್ಟರ್ ಮೊದಲು ಬಿಚ್ಚಿ ನೋಡಿ, ಕರಗಿ ಕಂದಾಗಿರುತ್ತದೆ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬಲ್ಬುಗಳು ಪದೇಪದೇ ಸುಡುವುದಕ್ಕೂ ಬ್ಯಾಟರಿ ನೀರು ಬೇಗ ಆರುವುದಕ್ಕೂ ಕಾರಣ ಅದು.

ಚಾರ್ಜಿಂಗ್ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಓಡಾಟ ನೋಡಿ. ಮನೆಯಿಂದ ಹಾಲಿನ ಡೈರಿಗೆ, ಡೈರಿಯಿಂದ ಅಂಗಡಿಗೆ, ಮತ್ತೆ ಮನೆಗೆ, ಪ್ರತಿ ಸಲವೂ ಸೆಲ್ಫ್, ಓಟ ಎರಡು ಕಿಲೋಮೀಟರ್. ಕೊಟ್ಟದ್ದು ವಾಪಸ್ ತುಂಬಲು ಸಮಯವೇ ಸಿಗುವುದಿಲ್ಲ. ಕಿಕ್ಕರ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್ ಕಿಕ್‌ನಲ್ಲೇ ಮಾಡಿ. ಘಾಟಿಯ ಮಂಜಿಗೆಂದು ಹಾಕಿಸಿದ 20 ವ್ಯಾಟಿನ ಎರಡು ಎಲ್‌ಇಡಿ ಲೈಟು ಸುಮಾರು 3 ಆಂಪಿಯರ್ ಎಳೆಯುತ್ತವೆ, ನೂರು ಸಿಸಿ ಗಾಡಿಗೆ ಅದು ಸಣ್ಣ ಹೊರೆಯಲ್ಲ. ಅಂಥವಕ್ಕೆ ಬೇರೆ ಫ್ಯೂಸ್, ರಿಲೇ ಇರಲಿ, ಕೀ ಆಫ್ ಆದಾಗ ಅವೂ ಆಫ್ ಆಗಲಿ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತ್ತಿರುತ್ತದೆ ಎಂದರೆ ಕರೆಂಟ್ ಸೋರುತ್ತಿದೆ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಇಟ್ಟು ಜೋಡಿಸಿ. ಏನೂ ಕಾಣದಿದ್ದರೆ ಮಿಲಿಆಂಪಿಯರ್‌ಗೆ ಇಳಿಸಿ. ಗಡಿಯಾರವಿರುವ ಡಿಜಿಟಲ್ ಮೀಟರ್ ಗಾಡಿಗಳು ಕೆಲವು ಮಿಲಿಆಂಪಿಯರ್ ತೆಗೆದುಕೊಳ್ಳುವುದು ಸಹಜ. ಹತ್ತಾರು ಮಿಲಿಆಂಪಿಯರ್ ತೋರಿಸಿದರೆ ಫ್ಯೂಸ್ ಒಂದೊಂದೇ ಎಳೆಯುತ್ತ ಹೋಗಿ, ಯಾವುದನ್ನು ಎಳೆದಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಹುಡುಕಿ. ಈ ಜೋಡಣೆಯಲ್ಲಿ ಮರೆತೂ ಸೆಲ್ಫ್ ಒತ್ತಬೇಡಿ, ಮೀಟರ್ ಸುಡುತ್ತದೆ. ಹೊರಗಿನಿಂದ ಹಾಕಿಸಿದ ಅಲಾರಂ, ಮೊಬೈಲ್ ಚಾರ್ಜರ್ ಇವೇ ಮೊದಲ ಆರೋಪಿಗಳು. ಅವು ಇಲ್ಲವಾದರೆ ಸೀಟು, ಟ್ಯಾಂಕ್ ಎತ್ತಿ ನೋಡಿ. ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಯ ವೈರಿಂಗನ್ನು ಇಲಿ ಕಡಿದು ತಾಮ್ರ ಬರಿದಾಗಿರುತ್ತದೆ, ಒಣಗಿದಾಗ ಸುಮ್ಮನಿದ್ದು ತೇವವಾದಾಗ ಚಾಸಿಗೆ ಸೋರುತ್ತದೆ. ಅಂಥ ಕಡೆ ಬರೀ ಟೇಪ್ ಸುತ್ತಿದರೆ ಒಳಗೆ ನೀರು ಹಿಡಿದು ಹಸಿರಾಗುತ್ತದೆ. ಹಾಳಾದಷ್ಟನ್ನು ಕತ್ತರಿಸಿ, ಅದೇ ದಪ್ಪದ ವೈರ್ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಜಾಯಿಂಟ್ ನೀರು ನಿಲ್ಲುವ ತಗ್ಗಿಗೆ ಬರದಂತೆ ಕಟ್ಟಿ.